ಎರಡು ಡಯಾಲಿಸಿಸ್‌ಗಳ ನಡುವಿನ ನೈರೋಬಿ

ಸಿಂಗಾಪುರದ ಜುರಾಂಗ್ ವೆಸ್ಟ್‌ನ ಒಂದು ವಸತಿ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯ ಅರ್ಧಭಾಗಕ್ಕೆ ಗಾಜಿನ ಗೋಡೆ ಕಟ್ಟಿ ಮಾಡಿದ ಡಯಾಲಿಸಿಸ್ ಸೆಂಟರಿನಲ್ಲಿ ನಾನು ನರ್ಸ್. ಒಂದು ರಾತ್ರಿ ಯಾವುದೋ ಕೆಲಸಕ್ಕೆ ಬಾಗಿಲಾಚೆ ಬಂದಾಗ ನಮ್ಮ ಪೇಷಂಟ್ ಒಬ್ಬರ ಹೆಂಡತಿ ಕಲ್ಲುಬೆಂಚಿನ ಮೇಲೆ ಕೂತಿದ್ದವರು ಎದ್ದು ಬಂದರು. ಗಂಡ ಇನ್ನೂ ಒಳಗಿದ್ದರು, ಸೂಜಿ ತೆಗೆದ ಜಾಗವನ್ನು ಗಾಜ್ ಬಟ್ಟೆಯಲ್ಲಿ ಒತ್ತಿ ಹಿಡಿದು ರಕ್ತ ನಿಲ್ಲುವುದನ್ನು ಕಾಯುತ್ತಿದ್ದರು.

"ಸಿಸ್ಟರ್, ಒಂದ್ ಕೇಳ್ತೀನಿ, ಬೈಕೋಬೇಡಿ. ಇವರನ್ನ ಒಂದು ವಾರ ಎಲ್ಲಿಗಾದ್ರೂ ಕರ್ಕೊಂಡ್ ಹೋಗೋಕೆ ಆಗತ್ತಾ?"

"ಎಲ್ಲಿಗೆ ಆಂಟಿ?"

"ಕೀನ್ಯಾಗೆ."

ನಾನು ಮಲೇಷ್ಯಾ ಅನ್ನುತ್ತಾರೆ, ಹೆಚ್ಚೆಂದರೆ ಬಾಲಿ ಅನ್ನುತ್ತಾರೆ ಅಂದುಕೊಂಡಿದ್ದೆ.

ಅವರ ಗಂಡ ಜುರಾಂಗ್ ಐಲ್ಯಾಂಡಿನ ರಿಫೈನರಿಯೊಂದರಲ್ಲಿ ಇನ್‌ಸ್ಟ್ರುಮೆಂಟ್ ಎಂಜಿನಿಯರ್. ಮೈಸೂರಿನವರು. ಸೋಮವಾರ, ಬುಧವಾರ, ಶುಕ್ರವಾರ ಕಂಪನಿ ಬಸ್ಸಿಳಿದು ನೇರ ನಮ್ಮಲ್ಲಿಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಎರಡೂ ಕಿಡ್ನಿ ನಿಂತು ನಾಲ್ಕು ವರ್ಷವಾಗಿತ್ತು. ನಾಲ್ಕು ಗಂಟೆ ಹೊತ್ತು ಮೈಯ ರಕ್ತವನ್ನೆಲ್ಲ ಯಂತ್ರದ ಮೂಲಕ ಹಾಯಿಸಿ, ಅದರಲ್ಲಿನ ಕಲ್ಮಷವನ್ನೂ ಹೆಚ್ಚಿನ ನೀರನ್ನೂ ತೆಗೆದು ವಾಪಸ್ ಕಳಿಸುವುದು ನಮ್ಮ ಕೆಲಸ. ಈ ವರ್ಷ ಅವರು ಆ ನಾಲ್ಕು ಗಂಟೆಯನ್ನು ಪೂರ್ತಿ ಮಾಡುವುದನ್ನು ಬಿಟ್ಟಿದ್ದರು. "ಅರ್ಧ ಗಂಟೆ ಮುಂಚೆ ತೆಗೆದುಬಿಡಿ ಸಿಸ್ಟರ್, ಸಾಕು" ಅನ್ನುವರು. ಯಾಕೆಂದು ಕೇಳಿದರೆ, "ಹೆಚ್ಚು ಕೂತ್ರೆ ಯಾವ ಅರಮನೆ ಸಿಗತ್ತೆ?" ಅನ್ನುವರು. ಹಾಗೆ ಕಳೆದುಕೊಂಡ ಅರ್ಧರ್ಧ ಗಂಟೆಗಳೆಲ್ಲ ನೀರಾಗಿ ಎದೆಗೆ ಹೋಗಿ ಕೂರುತ್ತವೆ ಎಂದು ಅವರಿಗೂ ಗೊತ್ತಿತ್ತು.

ಅವರಿಬ್ಬರೂ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಕೀನ್ಯಾದ ಕಾಡಿನಲ್ಲಿ ಡೇರೆಗಳಲ್ಲಿ ಉಳಿಯುವ ಟೂರ್ ಬುಕ್ ಮಾಡಿದ್ದರಂತೆ. ಹೊರಡುವ ಮುಂಚೆ ಮಾಡಿಸಿದ ಒಂದು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ವಿಷಯ ಹೊರಬಿತ್ತು. ಅಂದಿನಿಂದ ಅವರು ವಿಮಾನ ಹತ್ತಿರಲಿಲ್ಲ.

ನಮ್ಮ ಪೇಷಂಟ್‌ಗಳನ್ನು ನೋಡುವ ಕಿಡ್ನಿ ಡಾಕ್ಟರನ್ನು ಕೇಳಿದೆ. ಡೇರೆ ಬೇಡವೇ ಬೇಡ, ಸೊಳ್ಳೆ, ಮಲೇರಿಯಾ, ಆಸ್ಪತ್ರೆಯಿಂದ ದೂರ ಅಂದರು. "ಡಯಾಲಿಸಿಸ್ ಯೂನಿಟ್ ಇರುವ ಊರಾದರೆ ಯೋಚಿಸಬಹುದು" ಎಂದೂ ಸೇರಿಸಿದರು. ನಾನು ಕ್ಲೆಮೆಂಟಿಯ ನನ್ನ ಬಾಡಿಗೆ ರೂಮಿನಲ್ಲಿ ಮ್ಯಾಪ್ ತೆರೆದು ಕೂತೆ. ನೈರೋಬಿ ಎತ್ತರದ ಊರು, ಮಲೇರಿಯಾ ಕಡಿಮೆ. ಊರಿಗೆ ಅಂಟಿಕೊಂಡೇ ಒಂದು ರಾಷ್ಟ್ರೀಯ ಉದ್ಯಾನವಿದೆ. ಅನಾಥ ಆನೆಮರಿಗಳನ್ನು ಸಾಕುವ ಜಾಗವಿದೆ, ಬೇರೆ ಬೇರೆ ಜನಾಂಗಗಳ ಮನೆಗಳನ್ನು ಕಟ್ಟಿಟ್ಟು ಕುಣಿತ ತೋರಿಸುವ ಹಳ್ಳಿಯಿದೆ, ಬೆಳಗ್ಗೆ ಹೊರಟು ಸಂಜೆಗೆ ಬರಬಹುದಾದ ದೂರದಲ್ಲಿ ನೈವಾಷಾ ಎಂಬ ಸರೋವರವಿದೆ. ಊರಲ್ಲೇ ಉಳಿದು, ಸೋಮ ಬುಧ ಶುಕ್ರ ಅಲ್ಲಿಯೇ ಡಯಾಲಿಸಿಸ್ ಮಾಡಿಸಿಕೊಂಡು, ನಡುವಿನ ದಿನಗಳಲ್ಲಿ ಹೋಗಿ ಬರುವುದು. ಒಂದೇ ಕಟ್ಟುಪಾಡು: ರಾತ್ರಿ ಹೊರಗೆ ಉಳಿಯುವಂತಿಲ್ಲ.

ಎಂಜಿನಿಯರಿಗೆ ಇದನ್ನು ಹೇಳಿದಾಗ ಅವರು ನಕ್ಕರು. ಒಳ್ಳೆಯ ನಗುವಲ್ಲ.

"ಅಲ್ಲ ಸಿಸ್ಟರ್, ಅಷ್ಟು ದೂರ ಹೋಗಿ ಸಿಟಿ ಹೋಟೆಲಲ್ಲಿ ಕೂರೋದಾ? ಅದಕ್ಕೆ ಇಲ್ಲಿನ ಜೂ ಸಾಕಲ್ವಾ? ಬಸ್ ನಂಬರ್ ಸಮೇತ ಗೊತ್ತು ನಂಗೆ."

"ಆ ಸಿಟಿಯ ಬೇಲಿ ಆಚೆನೇ ಸಿಂಹ ಇದೆ ಸರ್. ಬಸ್ ನಂಬರ್ ಬೇಕಿಲ್ಲ."

ಮುಂದಿನ ಬಾರಿ ಬಂದಾಗ, ಸೂಜಿ ಹಾಕುವ ಮುಂಚೆಯೇ ಕೇಳಿದರು: "ಆ ಲೇಕ್ ಹತ್ರ ಕಾಲ್ನಡಿಗೇಲಿ ಪ್ರಾಣಿಗಳ ಮಧ್ಯೆ ಓಡಾಡಬಹುದಂತೆ, ನಿಜಾನಾ?" ಅವರೂ ಮ್ಯಾಪ್ ತೆರೆದಿದ್ದರು.

ಆಂಟಿಗೆ ಒಬ್ಬರೇ ಕರೆದುಕೊಂಡು ಹೋಗಲು ಧೈರ್ಯವಿರಲಿಲ್ಲ. ನಾನು ರಜೆ ಹಾಕಿ ಜೊತೆಗೆ ಬರುತ್ತೇನೆ ಎಂದೆ. ನಮ್ಮ ಸೆಂಟರಿನ ಮ್ಯಾನೇಜರ್, ಇಲ್ಲಿಯೇ ಹುಟ್ಟಿ ಬೆಳೆದ ಚೀನೀ ಹೆಂಗಸು, ರಜೆ ಕೊಟ್ಟರು, ಕೊಡುವಾಗ ಬೆರಳೆತ್ತಿ, ಮಾತಿಗೆ ಇಲ್ಲಿಯವರ 'ಲಾ' ಸೇರಿಸಿ ಹೇಳಿದರು, "ಅಲ್ಲಿ ನೀನು ಫ್ರೆಂಡ್ ಮಾತ್ರ ಲಾ. ಆ ದೇಶದಲ್ಲಿ ನಿನಗೆ ಲೈಸೆನ್ಸ್ ಇಲ್ಲ. ಸೂಜಿ ಮುಟ್ಟಬಾರದು." ಆಗ ಅದೊಂದು ಸಣ್ಣ ಷರತ್ತು ಅನ್ನಿಸಿತ್ತು.

ತಯಾರಿಗೆ ಎರಡು ತಿಂಗಳು ಹಿಡಿಯಿತು. ನೈರೋಬಿಯ ಎರಡು ಯೂನಿಟ್‌ಗಳಿಂದ ಉತ್ತರವೇ ಬರಲಿಲ್ಲ. ಮೂರನೆಯದರ ಹಿರಿಯ ನರ್ಸ್ ತಾವೇ ಫೋನ್ ಮಾಡಿದರು. ಯಾವ ಕೈಯಲ್ಲಿ ಫಿಸ್ಟುಲಾ, ಚರ್ಮದಿಂದ ಎಷ್ಟು ಆಳದಲ್ಲಿದೆ, ಯಾವ ಅಳತೆಯ ಸೂಜಿ, ಡಯಾಲಿಸಿಸ್ ದ್ರಾವಣದಲ್ಲಿ ಪೊಟ್ಯಾಶಿಯಂ ಎಷ್ಟು ಎಂದು ಒಂದೊಂದಾಗಿ ಕೇಳಿದರು. ಕೈಯ ಎರಡು ರಕ್ತನಾಳಗಳನ್ನು ಆಪರೇಷನ್ ಮಾಡಿ ಜೋಡಿಸಿ ದಪ್ಪ ಮಾಡಿಸಿದ ನಾಳಕ್ಕೆ ಫಿಸ್ಟುಲಾ ಅನ್ನುತ್ತಾರೆ. ಡಯಾಲಿಸಿಸ್ ಪೇಷಂಟಿನ ಜೀವ ಇರುವುದೇ ಅಲ್ಲಿ. ಆ ಪ್ರಶ್ನೆಗಳನ್ನು ಕೇಳಿ ನನಗೆ ಅರ್ಧ ಭಾರ ಇಳಿಯಿತು. ಕಾಮಾಲೆ ಮತ್ತಿತರ ಸೋಂಕುಗಳ ರಕ್ತಪರೀಕ್ಷೆ, ಡಾಕ್ಟರ ಪತ್ರ, ವಾಪಸ್ ಸಿಂಗಾಪುರಕ್ಕೆ ಇಳಿಯುವಾಗ ತೋರಿಸಲು ಹಳದಿ ಜ್ವರದ ಲಸಿಕೆಯ ಕಾರ್ಡ್, ರಕ್ತ ಹೆಚ್ಚಿಸುವ ಇಂಜೆಕ್ಷನ್ನನ್ನು ತಂಪಾಗಿಡಲು ಐಸ್ ಚೀಲ, ಎಲ್ಲ ಒಂದೊಂದಾಗಿ ಕೂಡಿತು. ಜೊತೆಗೆ ಒಂದು ತೂಕದ ಯಂತ್ರ ಕೊಂಡೆ. ಅದನ್ನು ನಮ್ಮ ಸೆಂಟರಿನ ದೊಡ್ಡ ಯಂತ್ರದ ಪಕ್ಕದಲ್ಲಿಟ್ಟು ಅವರನ್ನು ಎರಡರ ಮೇಲೂ ಹತ್ತಿಸಿ, ವ್ಯತ್ಯಾಸವಿಲ್ಲ ಎಂದು ನೋಡಿಕೊಂಡೇ ಸೂಟ್‌ಕೇಸಿಗೆ ಹಾಕಿದೆ. ಮೂತ್ರ ಹೋಗದ ಮನುಷ್ಯನ ಮೈಯಲ್ಲಿ ಎಷ್ಟು ನೀರು ನಿಂತಿದೆ ಎಂದು ತೂಕಕ್ಕಿಂತ ಚೆನ್ನಾಗಿ ಹೇಳುವ ಸಾಧನ ಇನ್ನೊಂದಿಲ್ಲ.

ಶುಕ್ರವಾರ ರಾತ್ರಿ ನಮ್ಮಲ್ಲಿ ಡಯಾಲಿಸಿಸ್ ಮುಗಿಸಿ, ಕೈಗೆ ಬ್ಯಾಂಡೇಜ್ ಇದ್ದಂತೆಯೇ ಏರ್‌ಪೋರ್ಟಿಗೆ ಹೋದೆವು. ದಾರಿಯಲ್ಲಿ ಒಂದು ವಿಮಾನ ಬದಲಿಸಿ ಶನಿವಾರ ನೈರೋಬಿ ತಲುಪಿದೆವು. ಹೋಟೆಲಿನಲ್ಲಿ ಮೊದಲು ಮಾಡಿದ ಕೆಲಸ ಅವರ ತೂಕ ನೋಡಿದ್ದು. ಅಂಕಿ ನಂಬಲಾಗದೆ ಮತ್ತೊಮ್ಮೆ ಹತ್ತಿಸಿದೆ, ಆಮೇಲೆ ಯಂತ್ರ ಕಾರ್ಪೆಟ್ಟಿನ ಮೇಲಿರುವುದು ಗಮನಕ್ಕೆ ಬಂತು. ಬಾತ್‌ರೂಮಿನ ಟೈಲ್ಸ್ ಮೇಲಿಟ್ಟು ನೋಡಿದರೆ ಸರಿಯಾಗಿತ್ತು.

ನಮ್ಮ ಡ್ರೈವರ್ ನಲವತ್ತರ ಆಸುಪಾಸಿನವರು, ಗೈಡ್ ಕೂಡ ಅವರೇ. ಚಾವಣಿ ಮೇಲೆತ್ತಬಹುದಾದ ಅವರ ವ್ಯಾನು ಇಡೀ ವಾರ ನಮ್ಮದು. ಭಾನುವಾರ ಕುಣಿತದ ಹಳ್ಳಿಗೆ ಕರೆದುಕೊಂಡು ಹೋದರು. ಮಣ್ಣಿನ ಗೋಡೆ, ಹುಲ್ಲಿನ ಸೂರು. ಒಂದೊಂದು ಜನಾಂಗದ ಮನೆ ಒಂದೊಂದು ಬಗೆ. ಎಂಜಿನಿಯರ್ ಪ್ರತಿ ಮನೆಯ ಸೂರಿನ ಕಟ್ಟನ್ನೂ ಕತ್ತೆತ್ತಿ ನೋಡಿ, ಮಳೆನೀರು ಎಲ್ಲಿಂದ ಇಳಿದು ಹೋಗುತ್ತದೆ ಎಂದು ವಿಚಾರಿಸಿದರು. ಮಧ್ಯಾಹ್ನದ ಕುಣಿತದಲ್ಲಿ ಡೋಲುಗಳು ಶುರುವಾದಾಗ ಆಂಟಿಯ ಪಾದ ತಾಳ ಹಾಕುತ್ತಿತ್ತು. ಆ ಊರಿನ ಒಣಗಾಳಿಗೆ ಬಾಯಾರಿಕೆ ಜಾಸ್ತಿ. ದಿನಕ್ಕೆ ಎರಡೂವರೆ ಲೋಟ ನೀರಿನ ಲೆಕ್ಕದವರಿಗೆ ಅದು ದೊಡ್ಡ ಶಿಕ್ಷೆ. ಆಂಟಿ ಬಾಯಿಗೆ ಹಾಕಿಕೊಳ್ಳಲು ಒಂದೊಂದೇ ಏಲಕ್ಕಿ ಕೊಡುತ್ತಿದ್ದರು.

ಅವರ ಕೈಯ ಬ್ಯಾಂಡೇಜ್ ಏನೆಂದು ತಿಳಿದಾಗ ಡ್ರೈವರ್ ಎದೆಯ ಮೇಲೆ ಕೈಯಿಟ್ಟು "ಪೋಲೆ" ಅಂದರು. ನಿಮ್ಮ ಕಷ್ಟ ನೋಡಿ ನನಗೂ ನೋವಾಯಿತು ಎನ್ನುವುದಕ್ಕೆ ಅವರ ಸ್ವಾಹಿಲಿ ಭಾಷೆಯ ಮಾತಂತೆ. ಸಂಜೆಯೊಳಗೆ ಹೋಟೆಲಿನವರು, ಟಿಕೆಟ್ ಹರಿಯುವವರು, ಎಲ್ಲರೂ ಅದನ್ನೇ ಅಂದರು.

"ಸಿಸ್ಟರ್, ಬಂದ ಒಂದೇ ದಿನಕ್ಕೆ ಇಡೀ ಊರು ನನ್ನ ಪೋಲಿ ಅಂತಿದೆಯಲ್ಲ" ಎಂದರು ಎಂಜಿನಿಯರ್.

"ಮೂವತ್ತು ವರ್ಷದಿಂದ ನಾನು ಅಂತಿರೋದೂ ಅದೇ" ಅಂದರು ಆಂಟಿ.

ಸೋಮವಾರ ಕಷ್ಟ ಶುರುವಾಯಿತು. ಯೂನಿಟ್ ಚೊಕ್ಕಟವಾಗಿತ್ತು, ಯಂತ್ರಗಳು ನಮ್ಮಲ್ಲಿರುವಂಥವೇ. ಹಿರಿಯ ನರ್ಸ್ ಇನ್ನೊಂದು ಪೇಷಂಟಿನ ಬಳಿ ಇದ್ದುದರಿಂದ ಬೇರೆ ನರ್ಸ್ ಸೂಜಿ ಹಾಕಲು ಬಂದರು. ಎಂಜಿನಿಯರ ನಾಳ ಮೊಣಕೈ ದಾಟಿದ ಮೇಲೆ ಒಳಕ್ಕೆ ತಿರುಗುತ್ತದೆ. ನಾನು ಅದನ್ನು ಹೇಳಿದೆ, ಅವರು ತಲೆಯಾಡಿಸಿದರು, ಬೆರಳಿಂದ ಒತ್ತಿ ನೋಡಿದರು, ತಪ್ಪೇನೂ ಮಾಡಲಿಲ್ಲ. ಆದರೂ ಎರಡು ಗಂಟೆ ಕಳೆದ ಮೇಲೆ ಎಂಜಿನಿಯರ್ ಸ್ವಲ್ಪ ಮಗ್ಗುಲಾದಾಗ ಸೂಜಿಯ ತುದಿ ನಾಳದ ಗೋಡೆಯಿಂದ ಹೊರಗೆ ಬಂತು. ಯಂತ್ರ ಕೂಗಿಕೊಂಡಿತು. ತೋಳು ನೋಡನೋಡುತ್ತ ಊದಿತು. ನಮ್ಮಲ್ಲೂ ಹೀಗಾಗುವುದುಂಟು. ಆದರೆ ಆಗ ನನ್ನ ಕೈ ಕೆಲಸ ಮಾಡುತ್ತಿರುತ್ತದೆ. ಇಲ್ಲಿ ಎರಡು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಲ್ಲಬೇಕಾಯಿತು. ಮ್ಯಾನೇಜರ ಷರತ್ತು ಎಂಥದೆಂದು ಆಗ ತಿಳಿಯಿತು.

ಹಿರಿಯ ನರ್ಸ್ ಓಡಿ ಬಂದು ಯಂತ್ರ ನಿಲ್ಲಿಸಿ, ಸೂಜಿ ತೆಗೆದು, ಐಸ್ ಇಟ್ಟು ಒತ್ತಿ ಹಿಡಿದರು. ಇವತ್ತು ಇನ್ನೊಂದು ಸಲ ಚುಚ್ಚುವುದು ಬೇಡ, ಬುಧವಾರ ಪೂರ್ತಿ ಮಾಡೋಣ ಎಂದರು. ಅದೇ ಸರಿಯಾದ ನಿರ್ಧಾರ. ಆದರೆ ನಾಲ್ಕು ಗಂಟೆಯ ಕೆಲಸ ಅರ್ಧಕ್ಕೆ ನಿಂತಿತ್ತು, ಮೈಯಲ್ಲಿ ನೀರು ಉಳಿದಿತ್ತು.

ಮಂಗಳವಾರ ದೂರ ಹೋಗುವ ಮಾತಿರಲಿಲ್ಲ. ಆನೆಮರಿಗಳನ್ನು ನೋಡಿ ಬಂದೆವು. ಹಸಿರು ಕೋಟಿನ ಪಾಲಕರು ಮುಂದೆ, ಅವರ ಹಿಂದೆ ಮರಿಗಳು ಒಂದರ ಬಾಲಕ್ಕೆ ಇನ್ನೊಂದು ಸೊಂಡಿಲು ತಾಗಿಸಿಕೊಂಡು ಬಂದವು. ದೊಡ್ಡ ಬಾಟಲಿಗಳಲ್ಲಿ ಹಾಲು ಕುಡಿದು ಕೆಂಪು ಕೆಸರಿನಲ್ಲಿ ಹೊರಳಿದವು. ಎಲ್ಲಕ್ಕಿಂತ ಚಿಕ್ಕದರ ಬೆನ್ನಿಗೆ ಕಂಬಳಿ ಕಟ್ಟಿದ್ದರು. ಅದು ನೋಡುಗರ ಮುಂದೆ ಕಟ್ಟಿದ ಹಗ್ಗದವರೆಗೆ ಬಂದು, ಎಂಜಿನಿಯರ ಊದಿದ ತೋಳನ್ನು ಸೊಂಡಿಲಿನ ತುದಿಯಿಂದ ಮೂಸಿ, ಪಾಲಕನ ಕಾಲ ಸಂದಿಗೆ ನುಗ್ಗಿತು. ಎಂಜಿನಿಯರ್ ಬಹಳ ಹೊತ್ತು ಆ ತೋಳನ್ನು ಅಲ್ಲಾಡಿಸದೆ ಹಾಗೇ ಹಿಡಿದಿದ್ದರು.

ಬುಧವಾರ ಬೆಳಗ್ಗೆ ನಾವು ಯೂನಿಟ್‌ಗೆ ಹೊರಡುತ್ತಿರುವಾಗ ಹಿರಿಯ ನರ್ಸ್ ಫೋನ್ ಮಾಡಿದರು. ನೀರು ಶುದ್ಧ ಮಾಡುವ ಘಟಕದ ಪಂಪು ಕೆಟ್ಟಿದೆ, ಇವತ್ತು ಯಾರಿಗೂ ಡಯಾಲಿಸಿಸ್ ಇಲ್ಲ. ಡಯಾಲಿಸಿಸ್‌ಗೆ ಒಬ್ಬೊಬ್ಬರಿಗೂ ಕೊಡಗಟ್ಟಲೆ ಶುದ್ಧನೀರು ಬೇಕು. ಆ ಪಂಪು ನಿಂತರೆ ಯಂತ್ರವೆಲ್ಲ ಬರೀ ಪೆಟ್ಟಿಗೆ. ಹೊಸ ಪಂಪು ರಾತ್ರಿ ಬರುತ್ತದೆ, ಗುರುವಾರ ಬೆಳಗ್ಗೆ ಕೂರಿಸುತ್ತೇವೆ, ನಿಮ್ಮವರದೇ ಮೊದಲು ಎಂದರು. ಸುಮ್ಮನೆ ಹೇಳಿ ಬಿಡಲಿಲ್ಲ. ಕೂಡಲೇ ಕರೆಸಿಕೊಂಡು ರಕ್ತ ತೆಗೆದು, ಮಿತಿಮೀರಿದರೆ ಹೃದಯವನ್ನೇ ನಿಲ್ಲಿಸುವ ಪೊಟ್ಯಾಶಿಯಂ ನೋಡಿದರು, ಇಸಿಜಿ ಮಾಡಿಸಿದರು. ಪೊಟ್ಯಾಶಿಯಂ ಏರಿತ್ತು, ಅಪಾಯದ ಗೆರೆ ಮುಟ್ಟಿರಲಿಲ್ಲ. ಅದನ್ನು ಇಳಿಸುವ ಪುಡಿ ಕೊಟ್ಟರು.

ಸಿಂಗಾಪುರದಲ್ಲಿ ಆಗ ಸಂಜೆ. ನಮ್ಮ ಡಾಕ್ಟರ್ ಫೋನ್ ಎತ್ತಿಕೊಂಡರು. "ಗುರುವಾರ ಮಧ್ಯಾಹ್ನದವರೆಗೆ ಕಾಯಬಹುದು. ಅಷ್ಟರಲ್ಲಿ ಆಗದಿದ್ದರೆ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಕುತ್ತಿಗೆಗೆ ನಳಿಗೆ ಹಾಕಿಸಿಯಾದರೂ ಮಾಡಿಸಿ. ಊರು ಬಿಟ್ಟು ಹೋಗಬೇಡಿ." ಗುರುವಾರವೇ ಸರೋವರಕ್ಕೆ ಹೋಗುವ ದಿನವಾಗಿತ್ತು.

ಎಂಜಿನಿಯರ್ ಹೋಟೆಲಿನ ಜಗಲಿಯಲ್ಲಿ ಬೀದಿಗೆ ಬೆನ್ನು ಹಾಕಿ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಸಿಸ್ಟರ್, ನಾಳೆ ಫ್ಲೈಟ್ ಇದ್ಯಾ ನೋಡಿ. ವಾಪಸ್ ಹೋಗೋಣ" ಎಂದರು.

"ಈಗ ಫ್ಲೈಟ್ ಹತ್ತೋ ಹಾಗಿಲ್ಲ ಸರ್. ಮೈಯಲ್ಲಿ ಇಷ್ಟು ನೀರಿಟ್ಕೊಂಡು ಅಷ್ಟೊಂದು ಗಂಟೆ ಗಾಳಿಯಲ್ಲಿ ಇರೋಕಾಗಲ್ಲ."

"ಅಂದ್ರೆ ಇಲ್ಲೂ ಇರೋ ಹಾಗಿಲ್ಲ, ಅಲ್ಲಿಗೂ ಹೋಗೋ ಹಾಗಿಲ್ಲ."

ಆಂಟಿ ಎದ್ದು ಒಳಗೆ ಹೋದರು. ಈ ಪ್ರವಾಸ ಕೇಳಿದ್ದು ತಾವೇ ಎಂಬುದು ಅವರ ಬೆನ್ನಿನಲ್ಲೇ ಕಾಣುತ್ತಿತ್ತು.

ನನ್ನ ಕಸುಬು ಹೇಳುತ್ತಿದ್ದುದು ಒಂದೇ: ಇವರನ್ನು ರೂಮಿನಲ್ಲಿ ಮಲಗಿಸು, ಫೋನ್ ಬರುವವರೆಗೂ ಪಕ್ಕದಲ್ಲಿ ಕೂತಿರು. ಡ್ರೈವರಿಗೆ ಮರುದಿನ ಬರುವುದು ಬೇಡ ಎಂದು ಹೇಳಲು ಫೋನ್ ಮಾಡಿದೆ. ಅವರು ಎಲ್ಲ ಕೇಳಿಕೊಂಡು, "ಬೆಳಗಿನ ಟ್ರಾಫಿಕ್ಕಿನಲ್ಲಿ ನಿಮ್ಮ ಹೋಟೆಲಿನಿಂದ ಯೂನಿಟ್‌ಗೆ ಬಹಳ ಹೊತ್ತಾಗುತ್ತದೆ. ನೀವು ಹೇಗೂ ಬೇಗ ಹೊರಟು ಆ ಕಡೆ ಎಲ್ಲಾದರೂ ಕಾಯುವುದು ಒಳ್ಳೆಯದು. ಪಾರ್ಕಿನ ಗೇಟು ಯೂನಿಟ್‌ಗೆ ತೀರ ಹತ್ತಿರ" ಎಂದರು.

ನಾನು ಮ್ಯಾಪ್ ತೆಗೆದು ನೋಡಿದೆ. ಅವರು ಹೇಳಿದ್ದು ನಿಜ. ಹೋಟೆಲಿನ ಮಂಚಕ್ಕಿಂತ ರಾಷ್ಟ್ರೀಯ ಉದ್ಯಾನ ಯೂನಿಟ್‌ಗೆ ಹತ್ತಿರವಿತ್ತು, ನಡುವೆ ಟ್ರಾಫಿಕ್ಕೂ ಕಡಿಮೆ. ಹಾಗಿದ್ದರೂ ತೀರ್ಮಾನ ಸುಲಭವಾಗಲಿಲ್ಲ. ಏನಾದರೂ ಆದರೆ, ಆ ಸ್ಥಿತಿಯ ಪೇಷಂಟನ್ನು ಕಾಡು ತೋರಿಸಲು ಕರೆದುಕೊಂಡು ಹೋದವಳು ನಾನೇ ಆಗುತ್ತಿದ್ದೆ. ಹಿರಿಯ ನರ್ಸಿಗೆ ಫೋನ್ ಮಾಡಿ ಕೇಳಿದೆ. ಅವರು, "ಮಲಗಿದರೆ ಉಸಿರು ಕಟ್ಟುತ್ತದೆಯೇ?" ಎಂದು ಕೇಳಿದರು. ಇಲ್ಲ ಎಂದೆ. "ಬೆಳಗ್ಗೆಯೂ ಹಾಗೇ ಇದ್ದರೆ ಕರೆದುಕೊಂಡು ಬಾ. ಗೇಟಿನ ಹತ್ತಿರದ ರಸ್ತೆಗಳಲ್ಲೇ ಇರಿ. ಫೋನ್ ಸಿಗಬೇಕು" ಎಂದರು. ನಾನು ಒಳಗೆ ಹೋಗಿ ಗಂಡ ಹೆಂಡಿರಿಬ್ಬರಿಗೂ ಬೆಳಗ್ಗೆ ಸ್ವೆಟರ್ ಹಾಕಿಕೊಂಡು ತಯಾರಿರಲು ಹೇಳಿದೆ.

ಗುರುವಾರ ಬೆಳಕು ಹರಿಯುವ ಮುಂಚೆ ಟೈಲ್ಸ್ ಮೇಲೆ ತೂಕ ನೋಡಿದೆ. ಏರಿತ್ತು. ಕಣಕಾಲನ್ನು ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲುತ್ತಿತ್ತು. ಎದೆಗೆ ನೀರು ಸೇರಿದರೆ ದಿಂಬು ಏರಿಸದೆ ಮಲಗಲಾಗುವುದಿಲ್ಲ, ಹಾಗಾಗಿ ರಾತ್ರಿ ಎಷ್ಟು ದಿಂಬು ಎಂದು ಕೇಳಿದೆ. ಎರಡು ಅಂದರು, ಯಾವಾಗಿನಂತೆ. ಉಸಿರು ಎಣಿಸಿದೆ. ಹೊರಟೆವು.

ಗೇಟು ದಾಟಿ ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ಚಾವಣಿ ಎತ್ತಿದರು. ಎತ್ತರದ ಊರಿನ ಚಳಿ ಒಳಗೆ ನುಗ್ಗಿತು. ಹೊಂಬಣ್ಣದ ಹುಲ್ಲು, ಅಲ್ಲಲ್ಲಿ ಕೊಡೆಯಂಥ ಜಾಲಿಮರ. ಎಂಜಿನಿಯರ್ ಎದ್ದು ನಿಂತು ಚಾವಣಿಯಿಂದ ತಲೆ ಹೊರಗಿಟ್ಟರು. ಆಂಟಿ ಕೂತಲ್ಲಿಂದಲೇ ಅವರ ಸ್ವೆಟರಿನ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಮೊದಲು ಕಾಡೆಮ್ಮೆಗಳ ಹಿಂಡು ಕಂಡಿತು, ಆಮೇಲೆ ಒಂದು ಉಷ್ಟ್ರಪಕ್ಷಿ. ಒಂದು ತಿರುವಿನಲ್ಲಿ ಡ್ರೈವರ್ ಎಂಜಿನ್ ನಿಲ್ಲಿಸಿ ಬೆರಳು ತೋರಿಸಿದರು. ತಾಯಿ ಘೇಂಡಾಮೃಗ, ಅದರ ಪಕ್ಕದಲ್ಲಿ ಮರಿ, ಎರಡೂ ತಲೆ ತಗ್ಗಿಸಿ ಮೇಯುತ್ತಿದ್ದವು. ಅವುಗಳ ಹಿಂದೆ, ಮಂಜಿನ ಆಚೆ, ನೈರೋಬಿಯ ಎತ್ತರದ ಕಟ್ಟಡಗಳು ನಿಂತಿದ್ದವು. ಹುಲ್ಲು ಕೀಳುವ ಸದ್ದು ನಮಗೆ ಕೇಳಿಸುತ್ತಿತ್ತು.

"ಇದು ಇಷ್ಟು ಹತ್ರ ಇದ್ದು ಈ ಊರಿನವರು ಆಫೀಸಿಗೆ ಹೇಗೆ ಹೋಗ್ತಾರೆ?" ಎಂದು ಪಿಸುಗುಟ್ಟಿದರು ಎಂಜಿನಿಯರ್. ನಾನು ಅವರ ದನಿಯಲ್ಲಿ ಏದುಸಿರು ಇದೆಯೇ ಎಂದು ಕಿವಿಗೊಟ್ಟೆ. ಇರಲಿಲ್ಲ.

ಡ್ರೈವರಿನ ರೇಡಿಯೋದಲ್ಲಿ ಯಾರೋ ಮಾತಾಡಿದರು. ಹತ್ತಿರದ ಒಂದು ಕಣಿವೆಯಲ್ಲಿ ಸಿಂಹಿಣಿಯೊಂದು ಮರಿಗಳ ಜೊತೆ ಹೊರಗೆ ಮಲಗಿದೆಯಂತೆ. ಅವರು ವ್ಯಾನು ತಿರುಗಿಸುತ್ತಿರುವಾಗಲೇ ನನಗೆ ಫೋನ್ ಬಂತು. ಹಿರಿಯ ನರ್ಸ್: ಪಂಪು ಕೂತಿದೆ, ನೀರಿನ ಪರೀಕ್ಷೆ ಸರಿಯಾಗಿ ಬಂದಿದೆ, ಯಂತ್ರ ತೊಳೆಯುತ್ತಿದ್ದೇವೆ, ಬನ್ನಿ.

ನಾನು ಎಲ್ಲರಿಗೂ ಕೇಳುವಂತೆ ಅದನ್ನು ಹೇಳಿದೆ. ಡ್ರೈವರ್ ಬ್ರೇಕಿನ ಮೇಲೆ ಕಾಲಿಟ್ಟು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಸಿಂಹ ನೋಡಿಕೊಂಡೇ ಹೋದರೂ ವೈದ್ಯದ ದೃಷ್ಟಿಯಿಂದ ಪ್ರಳಯವಾಗುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು. ನಾಲ್ಕು ವರ್ಷದಿಂದ ಸಿಂಹದ ಕನಸು ಕಂಡವರ ಕಡೆಗೇ ಕತ್ತೆತ್ತಿ ನೋಡಿದೆ.

ಎಂಜಿನಿಯರ್ ಕೆಳಗೆ ಕೂತರು. "ಸಿಂಹ ಎಲ್ಲಿಗೂ ಹೋಗಲ್ಲ. ನಡೀರಿ, ಮೊದಲು ಮೆಷಿನ್" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ಫುಲ್ ನಾಲ್ಕು ಗಂಟೆ ಹಾಕಿಸಿ ಸಿಸ್ಟರ್. ಬೇಕಿದ್ರೆ ಜಾಸ್ತಿನೂ ಹಾಕಿಸಿ" ಎಂದರು.

ಹೋಗುವ ದಾರಿಯಲ್ಲಿ ಒಂದು ಜಿರಾಫೆ ರಸ್ತೆಯ ನಟ್ಟನಡುವೆ ನಿಂತಿತ್ತು. ಹಾರ್ನ್ ಮಾಡುವಂತಿಲ್ಲ. ಅದು ಜಾಲಿಯ ಎಲೆ ಅಗಿಯುತ್ತ ನಮ್ಮನ್ನು ನಿಧಾನವಾಗಿ ನೋಡಿತು. "ಸ್ವಾಮಿ, ದಾರಿ ಬಿಡಿ, ಅಪಾಯಿಂಟ್‌ಮೆಂಟ್ ಇದೆ" ಎಂದು ಎಂಜಿನಿಯರ್ ಕೈಮುಗಿದರು. ಎರಡು ದಿನಗಳಲ್ಲಿ ಮೊದಲ ಸಲ ಆಂಟಿ ನಕ್ಕಿದ್ದು ನನಗೆ ಕೇಳಿಸಿತು.

ಯೂನಿಟ್‌ನಲ್ಲಿ ಹಿರಿಯ ನರ್ಸ್ ಕಾಯುತ್ತಿದ್ದರು. ಅವರ ಸಮವಸ್ತ್ರ ಸುಕ್ಕಾಗಿತ್ತು. ಪಂಪು ಕೂರಿಸುವವರ ಜೊತೆ ಅವರೂ ನಸುಕಿನಿಂದ ನಿಂತಿದ್ದರೆಂದು ಆಮೇಲೆ ಗೊತ್ತಾಯಿತು. ಎಂಜಿನಿಯರ ತೋಳು ಹಸಿರು ನೀಲಿಯಾಗಿತ್ತು. ಆಕೆ ಸ್ಟೂಲ್ ಎಳೆದು ಕೂತು ನನ್ನನ್ನು ಪಕ್ಕಕ್ಕೆ ಕರೆದರು. "ಈ ಕೈ ನಿನಗೆ ಗೊತ್ತು. ನೀನು ಹೇಳು, ನಾನು ಮಾಡುತ್ತೇನೆ."

ನಾನು ಹೇಳುತ್ತ ಹೋದೆ. ಊತದಿಂದ ಎರಡು ಬೆರಳು ಮೇಲೆ. ಇನ್ನೂ ಸ್ವಲ್ಪ ಒಳಗೆ. ಸೂಜಿ ಇಷ್ಟು ಓರೆ ಬೇಡ, ಇನ್ನೂ ಮಲಗಿಸಿ. ಈಗ ತಡೆಯಿರಿ, ಅಲ್ಲಿ ಅದು ತಿರುಗುತ್ತದೆ. ಅವರ ಕೈ ನನ್ನ ಮಾತಿನ ಹಿಂದೆಯೇ ನಡೆಯಿತು. ಸೂಜಿಯ ಹಿಂದಿನ ನಳಿಗೆಯಲ್ಲಿ ರಕ್ತ ಕೆಂಪಗೆ ಚಿಮ್ಮಿ ಬಂದಾಗ ನಾವಿಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ಎಷ್ಟೋ ವರ್ಷದಿಂದ ಮಾಡುತ್ತ ಬಂದ ಕೆಲಸವನ್ನು ಇನ್ನೊಬ್ಬರ ಬೆರಳುಗಳಲ್ಲಿ ನೋಡಿದ್ದು ಅಂದೇ. ಆ ಹೆಂಗಸಿಗೆ ನಾನು ಇಂದಿಗೂ ಋಣಿ.

ನಾಲ್ಕು ಗಂಟೆ, ಅದರ ಮೇಲೆ ಇನ್ನಷ್ಟು ಹೊತ್ತು, ಯಂತ್ರ ತಕರಾರಿಲ್ಲದೆ ಓಡಿತು. ಎಂಜಿನಿಯರ್ ಅರ್ಧ ಹೊತ್ತು ನಿದ್ದೆ ಮಾಡಿದರು. ಎದ್ದಾಗ ಹಿರಿಯ ನರ್ಸ್, ಪಂಪಿನ ಗಲಾಟೆಯಲ್ಲಿ ಎಲ್ಲರ ದಿನಗಳೂ ಒಂದೊಂದು ಮುಂದೆ ಹೋಗಿವೆ, ನಿಮಗಿನ್ನು ಶನಿವಾರ ಎಂದರು.

ಎಂಜಿನಿಯರ್ ಮಲಗಿದ್ದಲ್ಲೇ ಲೆಕ್ಕ ಹಾಕಿದರು. "ಅಂದ್ರೆ ಶುಕ್ರವಾರ ಫ್ರೀ ಅಲ್ವಾ?"

ಹೌದು. ಅದೂ ಡಯಾಲಿಸಿಸ್‌ನ ಮರುದಿನ, ಮೈ ಎಲ್ಲಕ್ಕಿಂತ ಹಗುರಾಗಿರುವ ದಿನ. ಡಾಕ್ಟರಿಗೆ ಫೋನ್ ಮಾಡಿದೆ. ತೂಕ, ಬಿಪಿ, ಪೊಟ್ಯಾಶಿಯಂ ಎಲ್ಲ ಕೇಳಿ, ಹೋಗಿ ಬನ್ನಿ ಎಂದರು.

ಶುಕ್ರವಾರ ರಿಫ್ಟ್ ಕಣಿವೆಯ ಅಂಚಿನ ರಸ್ತೆಯಲ್ಲಿ ಇಳಿದು ನೈವಾಷಾ ಸೇರಿದೆವು. ದಾರಿಬದಿಯಲ್ಲಿ ಸುಟ್ಟ ಜೋಳ ಮಾರುತ್ತಿದ್ದರು. ಎಂಜಿನಿಯರ್ ನನ್ನ ಮುಖ ನೋಡಿದರು, ಅದರಲ್ಲೂ ಪೊಟ್ಯಾಶಿಯಂ ಇರುವುದರಿಂದ ನಾನು ಒಂದು ತೆನೆ ಕೊಂಡು ನಾಲ್ಕು ಕಾಳು ಬಿಡಿಸಿ ಅವರ ಅಂಗೈಗೆ ಹಾಕಿ ಉಳಿದದ್ದನ್ನು ನಾನೇ ತಿಂದೆ. ದೋಣಿಯಲ್ಲಿ ಹೋಗುವಾಗ ನೀರಾನೆಗಳ ಕಿವಿಗಳಷ್ಟೇ ನೀರಿನ ಮೇಲೆ ಅಲುಗಾಡುತ್ತಿದ್ದವು. ಆಚೆ ದಡದಲ್ಲಿ ಇಳಿದ ಜಾಗದಲ್ಲಿ ವ್ಯಾನಿಲ್ಲ, ಬೇಲಿಯಿಲ್ಲ. ಸಿಂಹ ಚಿರತೆಗಳಿಲ್ಲದ ಜಾಗವಾದ್ದರಿಂದ ನಡೆಯಬಹುದು. ಜೀಬ್ರಾಗಳು, ಜಿಂಕೆಯಂಥವು, ದೂರದಲ್ಲಿ ಜಿರಾಫೆಗಳು, ಅವುಗಳ ನಡುವೆ ನಾವು.

ಎಂಜಿನಿಯರ್ ಟೋಪಿ ಸರಿಮಾಡಿಕೊಂಡು ಹೊರಟುಬಿಟ್ಟರು. ನಾನು ಅವರ ಹಿಂದೆಯೇ, ಕಣಕಾಲಿನ ಮೇಲೆ ಕಣ್ಣಿಟ್ಟು ನಡೆಯುತ್ತಿದ್ದೆ. ಅವರು ತಿರುಗಿ ನೋಡಿದರು.

"ಸಿಸ್ಟರ್, ಇಷ್ಟು ದೂರ ಬಂದು ನನ್ನ ಕಾಲು ನೋಡ್ತಿದೀರಲ್ಲ. ಅಲ್ಲಿ ನೋಡಿ."

ನೋಡಿದೆ. ಜೀಬ್ರಾ ಮರಿಯೊಂದು ತಾಯಿಯ ಹೊಟ್ಟೆಯಡಿ ನಿಂತು ಹಾಲು ಕುಡಿಯುತ್ತಿತ್ತು. ಅದರ ಪಟ್ಟೆಗಳು ಇನ್ನೂ ಕಂದು. ನಾನು ಅಲ್ಲೇ ನಿಂತೆ. ಎಷ್ಟು ಹೊತ್ತೆಂದು ಗೊತ್ತಿಲ್ಲ, ಆ ವಾರದಲ್ಲಿ ನಾನು ಗಡಿಯಾರ ನೋಡದೆ ಇದ್ದದ್ದು ಅಷ್ಟು ಹೊತ್ತೇ. ಆಂಟಿ ನನ್ನ ಪಕ್ಕಕ್ಕೆ ಬಂದು ಹುಲ್ಲಿನ ಮೇಲೆ ಕೂತು ಚಪ್ಪಲಿ ಬಿಚ್ಚಿದರು. ಗಂಡ ಆಗಲೇ ಬಹಳ ಮುಂದೆ ಹೋಗಿದ್ದರು.

"ಬಿಡಿ, ಹೋಗ್ಲಿ" ಎಂದರು ಆಂಟಿ. "ನಾಲ್ಕು ವರ್ಷದಲ್ಲಿ ಇವರು ನನಗಿಂತ ಮುಂದೆ ನಡೆದಿದ್ದು ಇವತ್ತೇ."

ಶನಿವಾರದ ಡಯಾಲಿಸಿಸ್ಸೂ ಚೆನ್ನಾಗಿ ಆಯಿತು. ಆಂಟಿ ಸಿಂಗಾಪುರದಿಂದ ತಂದಿದ್ದ ಮೈಸೂರು ಪಾಕಿನ ಡಬ್ಬಿಯನ್ನು ಯೂನಿಟ್‌ನವರಿಗೆ ಕೊಟ್ಟರು. ಹಿರಿಯ ನರ್ಸ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ, ಇದು ಪೇಷಂಟಿಗೆ ಕೊಡುವಂಥದ್ದಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಡಬ್ಬಿಯನ್ನು ಎತ್ತಿಟ್ಟರು. ಸಿಂಹವನ್ನು ನಾವು ನೋಡಲಿಲ್ಲ. ಏರ್‌ಪೋರ್ಟಿನಲ್ಲಿ ಬಿಡುವಾಗ ಡ್ರೈವರ್ ಅದಕ್ಕೂ "ಪೋಲೆ" ಎಂದರು.

ಸೋಮವಾರ ಸಂಜೆ ಜುರಾಂಗ್ ವೆಸ್ಟ್‌ನಲ್ಲಿ ನನಗೆ ಡ್ಯೂಟಿ. ಎಂಜಿನಿಯರ್ ಕಂಪನಿ ಬಸ್ಸಿಳಿದು ಬಂದರು, ತೂಕ ನೋಡಿಕೊಂಡರು, ಕುರ್ಚಿಯ ಮೇಲೆ ಕೂತು ತೋಳು ಮುಂದೆ ಚಾಚಿದರು. ಊತ ಇಳಿದು ಚರ್ಮ ಹಳದಿಯಾಗಿತ್ತು. ನಾನು ಸೂಜಿ ಹಾಕಿ ಟೇಪು ಅಂಟಿಸಿದೆ. ನಾಲ್ಕನೇ ಗಂಟೆ ಶುರುವಾಗಿ ಅರ್ಧವಾದಾಗ ಅವರು ಕೈಸನ್ನೆ ಮಾಡಿ ಕರೆದರು. ಮತ್ತೆ ಹಳೆಯ ಮಾತೇ ಬರುತ್ತದೆಂದುಕೊಂಡು ಹೋದೆ.

"ನನ್ನ ಅಕ್ಕ ಒಬ್ಬಳು ಮೈಸೂರಲ್ಲಿದಾಳೆ ಸಿಸ್ಟರ್. ಕುವೆಂಪು ನಗರದಲ್ಲಿ. ಕಿಡ್ನಿ ಹೋದಾಗಿಂದ ಅವಳನ್ನ ವಿಡಿಯೋ ಕಾಲಲ್ಲಿ ಬಿಟ್ರೆ ನೋಡಿಲ್ಲ. ದಿನಾ ಬಾ ಅಂತಾಳೆ, ನಾನು ಆಗಲ್ಲ ಅಂತಿದ್ದೆ." ಅವರು ಸೂಜಿಯಿಲ್ಲದ ಕೈಯಿಂದ ಫೋನಿನಲ್ಲಿ ಮ್ಯಾಪ್ ತೆರೆದು ತೋರಿಸಿದರು. "ಅಲ್ಲಿ ಹತ್ತಿರದಲ್ಲಿ ಒಳ್ಳೆ ಯೂನಿಟ್ ಇದ್ಯಾ? ಒಂದು ಫೋನ್ ಮಾಡಿ ಕೇಳ್ತೀರಾ?"

ಮೈಸೂರಿನಲ್ಲಿ ಆಗ ಇನ್ನೂ ಸಂಜೆಯಷ್ಟೆ. ನಾನು ನರ್ಸಿಂಗ್ ಓದಿದ್ದು ಅಲ್ಲೇ. ನನ್ನ ಜೊತೆ ಓದಿದವಳೊಬ್ಬಳು ಈಗ ಅಲ್ಲಿನ ಒಂದು ಆಸ್ಪತ್ರೆಯಲ್ಲಿದ್ದಾಳೆ. ಯಂತ್ರದ ಅಂಕಿಗಳನ್ನು ಒಮ್ಮೆ ನೋಡಿ, ಮ್ಯಾನೇಜರಿಗೆ ಹೇಳಿ, ವಾಯ್ಡ್ ಡೆಕ್ಕಿಗೆ ಬಂದು ನಿಂತು ಅವಳ ನಂಬರ್ ಒತ್ತಿ ವಿಷಯ ಹೇಳಿದೆ. "ಯಾವ ಕೈಯಲ್ಲಿ ಫಿಸ್ಟುಲಾ?" ಎಂದು ಕೇಳಿದಳು ಅವಳು.